ಗೋದಲಿ ಕಚ್ಚಿ ಗಾಳಿ ಎಳೆಯುವ ಕುದುರೆ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಕುದುರೆ ಸಾಕಣೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯನ್ನು ಕುರಿತವಾಗಿವೆ. ಕುದುರೆಯು ಲಾಯದ ಬಾಗಿಲನ್ನೋ ಗೋದಲಿಯ ಅಂಚನ್ನೋ ಹಲ್ಲಿನಿಂದ ಹಿಡಿದು ಗಾಳಿ ಎಳೆಯುವ, ಕ್ರಿಬ್ಬಿಂಗ್ ಎಂದು ಹೆಸರಾದ ನಡವಳಿಕೆ ಅದು. ಆದುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ರೇಸಿನಿಂದ ನಿವೃತ್ತವಾದ ಆರು ವರ್ಷದ ಥರೋಬ್ರೆಡ್ ಕುದುರೆಯೊಂದನ್ನು ಸವಾರಿಗೆಂದು ತಂದಿದ್ದೇನೆ. ಅದು ಬಾಗಿಲಿನ ಅಂಚನ್ನು ಮುಂಬಲ್ಲುಗಳಿಂದ ಹಿಡಿದು, ಕತ್ತು ಬಾಗಿಸಿ ಹಿಂದಕ್ಕೆ ಎಳೆಯುತ್ತದೆ. ಆಗ ಗಂಟಲಿನಿಂದ ‘ಹುಂಕ್’ ಎಂಬ ಸದ್ದು ಬರುತ್ತದೆ. ಹಿಂಡಿ, ಕಾಳು ತಿಂದ ಕೂಡಲೇ ಇದು ಹೆಚ್ಚು. ಬಾಗಿಲಿಗೆ ಮೆಣಸಿನಪುಡಿ ಹಚ್ಚಿದರೆ ಬಿಡುತ್ತದೆ ಎಂದು ಲಾಯದ ಕೆಲಸದವರು ಹೇಳುತ್ತಾರೆ. ಇದು ಕಾಯಿಲೆಯೋ, ಕೆಟ್ಟ ಚಟವೋ? — ಓದುಗರು, ಮೈಸೂರು

ಉತ್ತರ: ನೀವು ಬರೆದಿರುವ ಲಕ್ಷಣಗಳೆಲ್ಲವೂ ಕ್ರಿಬ್ಬಿಂಗ್‌ನವೇ. ಏನನ್ನೂ ಕಚ್ಚದೆ ಬರಿದೇ ಕತ್ತು ಬಾಗಿಸಿ ಗಾಳಿ ಎಳೆದುಕೊಳ್ಳುವ ಕುದುರೆಗಳೂ ಇವೆ. ಅಂಥವನ್ನು ರೇಸ್ ಲಾಯಗಳಲ್ಲಿ ವಿಂಡ್‌ಸಕ್ಕರ್ ಎನ್ನುತ್ತಾರೆ. ಕುದುರೆ ಹೀಗೆ ಎಳೆದ ಗಾಳಿಯನ್ನೆಲ್ಲ ಹೊಟ್ಟೆಗೆ ನುಂಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1990ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಕ್ಷಕಿರಣ ಮತ್ತು ಎಂಡೋಸ್ಕೋಪ್ (ಒಳಗೆ ಇಳಿಬಿಟ್ಟು ನೋಡುವ ಕ್ಯಾಮೆರಾ ಕೊಳವೆ) ಬಳಸಿ ನೋಡಿದಾಗ ತಿಳಿದುಬಂದದ್ದೇ ಬೇರೆ. ಗಾಳಿ ಅನ್ನನಾಳದ ಮೇಲ್ಭಾಗಕ್ಕೆ ರಭಸದಿಂದ ನುಗ್ಗಿ, ಬಹುಪಾಲು ಮತ್ತೆ ಗಂಟಲಿನ ಕಡೆಗೇ ಹಿಂತಿರುಗುತ್ತದೆ. ನೀವು ಕೇಳುವ ‘ಹುಂಕ್’ ಸದ್ದು ಗಾಳಿ ಹೀಗೆ ನುಗ್ಗುವಾಗಿನ ಸದ್ದು.

ಕುದುರೆ ಇದನ್ನು ಹಟದಿಂದಾಗಲಿ ದುಷ್ಟತನದಿಂದಾಗಲಿ ಮಾಡುತ್ತಿಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಮುಂದಿನ ಚಿಕಿತ್ಸೆಯೆಲ್ಲವೂ ಆ ತಿಳಿವಳಿಕೆಯ ಮೇಲೆಯೇ ನಿಂತಿದೆ. ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಹದಿನಾರು ಗಂಟೆಯ ಹತ್ತಿರ ಹತ್ತಿರ ಮೇಯುತ್ತಲೇ ಇರುತ್ತದೆ. ಅದರ ಜಠರ ದೇಹದ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು. ಹಿಡಿಯುವುದು 8ರಿಂದ 15 ಲೀಟರ್ ಮಾತ್ರ. ನಮ್ಮ ಜಠರ ಊಟದ ಹೊತ್ತಿಗೆ ಹೆಚ್ಚಾಗಿ ಆಮ್ಲ ಸುರಿಸುತ್ತದೆ. ಕುದುರೆಯದು ಹಗಲೂ ರಾತ್ರಿಯೂ, ಹೊಟ್ಟೆ ಬರಿದಾಗಿದ್ದಾಗಲೂ ಸುರಿಸುತ್ತಿರುತ್ತದೆ. ಆ ಆಮ್ಲವನ್ನು ತಣಿಸುವುದು ಜೊಲ್ಲು, ಮತ್ತು ಕುದುರೆಗೆ ಜೊಲ್ಲು ಸುರಿಯುವುದು ಅಗಿಯುವಾಗ ಮಾತ್ರ. ಒಂದು ಕಿಲೋ ಒಣಹುಲ್ಲನ್ನು ಅದು 3,000ಕ್ಕೂ ಹೆಚ್ಚು ಬಾರಿ ಅಗಿಯುತ್ತದೆ. ಒಂದು ಕಿಲೋ ಓಟ್ಸ್ ಅನ್ನು ಸಾವಿರ ಬಾರಿಯೂ ಅಗಿಯದೆ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಓಟದ ಕುದುರೆ ಎರಡು ವರ್ಷದ ಮರಿಯಾಗಿದ್ದಾಗಿನಿಂದ ದಿನದ ಬಹುಪಾಲನ್ನು ಲಾಯದೊಳಗೆ ಒಂಟಿಯಾಗಿ ಕಳೆಯುತ್ತದೆ. ತಿನ್ನಲು ಅದಕ್ಕೆ ಸಿಗುವುದು ಹುಲ್ಲಿಗಿಂತ ಹೆಚ್ಚಾಗಿ ಧಾನ್ಯ. ಅದರ ಹೊಟ್ಟೆಯಲ್ಲಿ ಆಮ್ಲ ತುಂಬಿ, ಬಾಯಿಗೆ ಕೆಲಸವಿಲ್ಲದೆ, ಜೊತೆಗೆ ಇನ್ನೊಂದು ಕುದುರೆಯ ಮೈತಾಗುವಿಕೆಯೂ ಇಲ್ಲದೆ ಹೋಗುತ್ತದೆ. ತರಬೇತಿಯಲ್ಲಿರುವ ಥರೋಬ್ರೆಡ್ ಕುದುರೆಗಳಲ್ಲಿ ಬಹುತೇಕವುಗಳ ಜಠರದಲ್ಲಿ ಹುಣ್ಣು ಇರುತ್ತದೆಂಬುದು ಹಲವು ದೇಶಗಳಲ್ಲಿ ಎಂಡೋಸ್ಕೋಪ್ ಹಾಕಿ ನೋಡಿದವರ ಅನುಭವ.

ಇದರ ಜೊತೆಗೆ ಮಿದುಳಿನ ಪಾತ್ರವೂ ಇದೆ. 1987ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯರು ಎಂಡಾರ್ಫಿನ್‌ಗಳ, ಅಂದರೆ ದೇಹವೇ ತಯಾರಿಸುವ ನೋವು ತಣಿಸಿ ಹಿತ ಕೊಡುವ ರಾಸಾಯನಿಕಗಳ, ಪರಿಣಾಮವನ್ನು ತಡೆಯುವ ಔಷಧ ಕೊಟ್ಟಾಗ ಕುದುರೆಗಳು ತಾತ್ಕಾಲಿಕವಾಗಿ ಕಚ್ಚುವುದನ್ನು ನಿಲ್ಲಿಸಿದವು. ಕಚ್ಚಿ ಎಳೆಯುವುದರಿಂದ ಕುದುರೆಗೆ ಏನೋ ಒಂದು ಸಮಾಧಾನ ಸಿಗುತ್ತದೆಂದೂ, ಅದು ಬೇರೂರಿದ ಮೇಲೆ ಮೂಲ ಕಾರಣ ಹೋದರೂ ಅಭ್ಯಾಸ ಉಳಿಯುತ್ತದೆಂದೂ ಇದರಿಂದ ಊಹಿಸಬಹುದು. ತಳಿಯೂ ಲೆಕ್ಕಕ್ಕೆ ಬರುತ್ತದೆ: 2009ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಒಟ್ಟು ಕುದುರೆಗಳಲ್ಲಿ ಶೇ 4.4ರಷ್ಟು ಮಾತ್ರ ಈ ನಡವಳಿಕೆ ತೋರಿದ್ದರೆ, ಥರೋಬ್ರೆಡ್‌ಗಳಲ್ಲಿ ಅದು ಶೇ 13ರಷ್ಟಿತ್ತು.

ಆದುದರಿಂದ ಮೆಣಸಿನಪುಡಿಯನ್ನು ದಯವಿಟ್ಟು ಬಿಟ್ಟುಬಿಡಿ. ಒಂದು ಅಂಚಿಗೆ ಖಾರ ಹಚ್ಚಿದರೆ ಕುದುರೆ ಇನ್ನೊಂದು ಅಂಚನ್ನು ಹುಡುಕುತ್ತದೆ. ಅದರ ಬಾಯಿ ಉರಿಯುವುದೊಂದೇ ಲಾಭ. ಮೊದಲು ಪಶುವೈದ್ಯರಿಂದ ಜಠರದ ಪರೀಕ್ಷೆ ಮಾಡಿಸಲು ಸಾಧ್ಯವೇ ಎಂದು ವಿಚಾರಿಸಿ. ಇದಕ್ಕೆ ಮೂರು ಮೀಟರ್ ಉದ್ದದ ಎಂಡೋಸ್ಕೋಪ್ ಬೇಕಾಗುವುದರಿಂದ ಎಲ್ಲ ಕಡೆಯೂ ಅನುಕೂಲವಿರುವುದಿಲ್ಲ. ಪರೀಕ್ಷೆ ಆಗದಿದ್ದರೂ ಹುಣ್ಣಿನ ಲಕ್ಷಣಗಳು, ಅಂದರೆ ಕಾಳು ತಿನ್ನಲು ಹಿಂದೇಟು, ಮೈ ಇಳಿಯುವುದು, ಜೀನಿನ ಪಟ್ಟಿ ಬಿಗಿಯುವಾಗ ಸಿಡುಕುವುದು, ಕಂಡುಬಂದರೆ ವೈದ್ಯರು ಆಮ್ಲ ತಗ್ಗಿಸುವ ಒಮೆಪ್ರಝೋಲ್ ಚಿಕಿತ್ಸೆಯನ್ನು ಕೆಲವು ವಾರ ಕೊಟ್ಟು ನೋಡಬಹುದು. ನೋವಿನ ಔಷಧಗಳನ್ನು ತಾವಾಗಿಯೇ ಕೊಡುವ ರೂಢಿ ಲಾಯದಲ್ಲಿದ್ದರೆ ಅದನ್ನು ನಿಲ್ಲಿಸಿ. ಫೀನೈಲ್‌ಬ್ಯೂಟಝೋನ್‌ನಂಥವು ಹೆಚ್ಚಾದರೆ ಅವೇ ಹುಣ್ಣಿಗೆ ಕಾರಣವಾಗುತ್ತವೆ.

ಔಷಧಕ್ಕಿಂತ ಮುಖ್ಯವಾದದ್ದು ಮೇವು ಮತ್ತು ಬಯಲು. ನಿಮ್ಮ ಕುದುರೆ ಈಗ ಓಡಿ ಗೆಲ್ಲಬೇಕಾಗಿಲ್ಲ. ರೇಸಿನ ಕಾಲದ ಧಾನ್ಯದ ಪ್ರಮಾಣ ಅದಕ್ಕೆ ಬೇಕಿಲ್ಲ. ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಧಾನ್ಯ ಇಳಿಸಿ, ಒಣಹುಲ್ಲು ಏರಿಸಿ, ದಿನಕ್ಕೆ ಕೆಲವು ಗಂಟೆಯಾದರೂ ಇನ್ನೊಂದು ಕುದುರೆಯ ಜೊತೆ ಬೇಲಿ ಹಾಕಿದ ಬಯಲಿಗೆ ಬಿಡಿ. ಆರು ವರ್ಷದ ಹೊತ್ತಿಗೆ ಗಟ್ಟಿಯಾಗಿರುವ ಅಭ್ಯಾಸ ಪೂರ್ತಿ ಹೋಗುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಎಷ್ಟು ಹೊತ್ತು ಕಚ್ಚುತ್ತದೆ ಎಂಬುದು ಕಡಿಮೆಯಾಗುವುದನ್ನು ನೀವೇ ಕಾಣುವಿರಿ.

ಪ್ರಶ್ನೆ: ಕುದುರೆಯ ಗಂಟಲಿಗೆ ಬಿಗಿಯುವ ಕ್ರಿಬ್ಬಿಂಗ್ ಪಟ್ಟಿ ಕೊಂಡರೆ ಒಂದೇ ದಿನದಲ್ಲಿ ನಿಲ್ಲುತ್ತದೆ ಎಂದು ಮಾರುವವರು ಹೇಳುತ್ತಾರೆ. ಶಸ್ತ್ರಚಿಕಿತ್ಸೆಯೂ ಇದೆಯಂತೆ. ಇವುಗಳಲ್ಲಿ ಯಾವುದು ಒಳ್ಳೆಯದು? — ಓದುಗರು, ಮಂಡ್ಯ

ಉತ್ತರ: ಪಟ್ಟಿ ಕಟ್ಟಿದರೆ ಕಚ್ಚುವುದು ನಿಲ್ಲುತ್ತದೆ, ಅದು ನಿಜ. ಕತ್ತು ಬಾಗಿಸಿದಾಗ ಪಟ್ಟಿಯ ಲೋಹದ ಭಾಗ ಗಂಟಲನ್ನು ಒತ್ತುವುದರಿಂದ ಕುದುರೆಗೆ ನೋವಾಗುತ್ತದೆ, ಆ ಕಾರಣಕ್ಕೆ ಅದು ಬಿಡುತ್ತದೆ. ಆದರೆ ಕಚ್ಚಬೇಕೆಂಬ ಒತ್ತಡ ಒಳಗೆ ಹಾಗೆಯೇ ಇರುತ್ತದೆ. ಪಟ್ಟಿ ಕಟ್ಟಿ ಒಂದು ದಿನ ತಡೆದ ಕುದುರೆಗಳು ಅದನ್ನು ಬಿಚ್ಚಿದ ಕೂಡಲೇ ಹಿಂದಿಗಿಂತ ಹೆಚ್ಚು ಕಚ್ಚುತ್ತವೆಂದು 1998ರ ಒಂದು ಅಧ್ಯಯನ ತೋರಿಸಿದೆ. ಸ್ವಿಟ್ಜರ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಒತ್ತಡದ ಹಾರ್ಮೋನನ್ನು ಉದ್ದೀಪಿಸುವ ಚುಚ್ಚುಮದ್ದು ಕೊಟ್ಟ ಬಳಿಕ, ಈ ಅಭ್ಯಾಸವಿದ್ದೂ ಆ ಹೊತ್ತಿನಲ್ಲಿ ಕಚ್ಚದೆ ಇದ್ದ ಕುದುರೆಗಳಲ್ಲಿ ಕಾರ್ಟಿಸಾಲ್ ಎಂಬ ಆ ಹಾರ್ಮೋನಿನ ಮಟ್ಟ ಹೆಚ್ಚಿತ್ತು. ಕಚ್ಚಿಕೊಂಡವುಗಳಲ್ಲಿ ಅಷ್ಟು ಏರಲಿಲ್ಲ. ಕಚ್ಚುವುದು ಆ ಪ್ರಾಣಿಗೆ ಒತ್ತಡವನ್ನು ಸಹಿಸಿಕೊಳ್ಳುವ ದಾರಿಯಾಗಿರಬಹುದೆಂದು ಇದರಿಂದ ತೋರುತ್ತದೆ. ಮೇವನ್ನೂ ವಾಸವನ್ನೂ ಬದಲಿಸದೆ ಪಟ್ಟಿಯನ್ನು ಮಾತ್ರ ಬಿಗಿದರೆ ನಾವು ಆ ದಾರಿಯನ್ನು ಮುಚ್ಚಿ, ಕಾರಣವನ್ನು ಹಾಗೆಯೇ ಉಳಿಸಿದಂತಾಗುತ್ತದೆ.

ಪಟ್ಟಿಯನ್ನು ಎಂದೂ ಬಳಸಬಾರದೆಂದು ನಾನು ಹೇಳುವುದಿಲ್ಲ. ಹಲ್ಲು ಬುಡದವರೆಗೆ ಸವೆದು ಮೇವು ಕೀಳಲಾಗದ ಕುದುರೆಗೆ, ಅಥವಾ ಪದೇ ಪದೇ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಅಪಾಯವಿರುವ ಕುದುರೆಗೆ, ಪಶುವೈದ್ಯರ ಕಣ್ಣೆದುರಿನಲ್ಲಿ ಅಳತೆ ನೋಡಿ ಕಟ್ಟಬಹುದು. ಕುದುರೆ ತಲೆ ತಗ್ಗಿಸಿ ಹುಲ್ಲು ತಿನ್ನುವಾಗ, ನೀರು ಕುಡಿಯುವಾಗ ಅದು ಸಡಿಲವಾಗಿರಬೇಕು. ದಿನವೂ ಬಿಚ್ಚಿ, ಕಿವಿಯ ಹಿಂದೆಯೂ ದವಡೆಯ ಕೆಳಗೂ ಬೆರಳಾಡಿಸಿ ಚರ್ಮ ಕೆಂಪಾಗಿದೆಯೇ, ಕೂದಲು ಉದುರಿದೆಯೇ ಎಂದು ನೋಡಬೇಕು.

ಶಸ್ತ್ರಚಿಕಿತ್ಸೆಯನ್ನು ಸ್ವೀಡನ್ನಿನ ಫೋರ್ಸೆಲ್ ಎಂಬ ಪಶುವೈದ್ಯರು 1926ರಲ್ಲಿ ವಿವರಿಸಿದರು. ಕತ್ತಿನ ಕೆಳಭಾಗದ ಸ್ನಾಯುಗಳ ಪಟ್ಟಿಗಳನ್ನು ಕತ್ತರಿಸಿ ತೆಗೆಯುವ ಆ ವಿಧಾನವನ್ನು ಮುಂದೆ ತಿದ್ದಿ, ನರದ ಒಂದು ಕವಲನ್ನೂ ಕತ್ತರಿಸುವ ಕ್ರಮ ಬಂದಿತು. ಕೆಲವು ಕುದುರೆಗಳಲ್ಲಿ ಫಲ ಸಿಕ್ಕಿದೆ, ಕೆಲವು ಸ್ವಲ್ಪ ಕಾಲದ ನಂತರ ಮತ್ತೆ ಆರಂಭಿಸಿವೆ. ಅಭ್ಯಾಸ ಹಳೆಯದಾದಷ್ಟೂ ಗೆಲುವು ಕಡಿಮೆ. ಮೇವಿನ ತಿದ್ದುಪಾಟು ಮಾಡದವರು ಶಸ್ತ್ರಚಿಕಿತ್ಸೆಯ ಮಾತೆತ್ತಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇನ್ನು ಅಂಚಿಗೆ ಮೊಳೆ ಹೊಡೆಯುವುದು, ಹಲ್ಲಿನ ಸಂದಿಗೆ ತಂತಿ ಅಥವಾ ಬೆಣೆ ಸಿಕ್ಕಿಸುವುದು, ವಿದ್ಯುತ್ ಆಘಾತ ಕೊಡುವುದು ಇವೆಲ್ಲ ಹಿಂಸೆ. ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನೂ ನೆನಪಿಸುತ್ತೇನೆ.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಟಾಂಗಾ ಓಡಿಸುವ ಮನೆ. ಕುದುರೆಗೆ ಬೇಯಿಸಿದ ಹುರುಳಿ, ಬೂಸಾ, ಸ್ವಲ್ಪ ಬೆಲ್ಲ, ರಾತ್ರಿಗೆ ಭತ್ತದ ಹುಲ್ಲು ಹಾಕುತ್ತೇವೆ. ಒಂದು ವರ್ಷದಿಂದ ಅದು ಟಾಂಗಾ ನಿಲ್ದಾಣದ ಕಂಬಿಯನ್ನು ಕಚ್ಚಿ ಎಳೆಯತೊಡಗಿದೆ. ಪರದೇಶದ ದುಬಾರಿ ಆಹಾರ ನಮ್ಮಿಂದ ಆಗದು. ಏನು ಮಾಡಬಹುದು? — ಓದುಗರು, ಮೈಸೂರು

ಉತ್ತರ: ದುಬಾರಿ ಆಹಾರದ ಅಗತ್ಯವೇ ಇಲ್ಲ. ನಿಮ್ಮ ಕುದುರೆಗೆ ಬೇಕಾದದ್ದು ಹೆಚ್ಚು ಹುಲ್ಲು, ಮತ್ತು ಅದು ದಿನದುದ್ದಕ್ಕೂ ಹಂಚಿಕೆಯಾಗಬೇಕು.

ಲೆಕ್ಕ ಹೀಗಿದೆ. ಕುದುರೆಯ ತೂಕದ ಶೇ 1.5ರಿಂದ 2ರಷ್ಟು ನಾರಿನ ಮೇವು, ನೀರಿನ ಅಂಶ ಕಳೆದ ತೂಕದಲ್ಲಿ, ದಿನಕ್ಕೆ ಬೇಕು. ಟಾಂಗಾ ಕುದುರೆ 300 ಕಿಲೋ ತೂಗುತ್ತದೆಂದು ಇಟ್ಟುಕೊಂಡರೆ ನಾಲ್ಕೂವರೆಯಿಂದ ಆರು ಕಿಲೋ ಆಯಿತು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ, ಬರೀ ಗರಿಕೆಯಿಂದಲೇ ಇದನ್ನು ತುಂಬಿಸಬೇಕಾದರೆ ದಿನಕ್ಕೆ 20 ಕಿಲೋ ಹತ್ತಿರ ಬೇಕಾಗುತ್ತದೆ. ಬೆಳಿಗ್ಗೆ ಒಂದು ಕಟ್ಟು ಗರಿಕೆ ಹಾಕಿ, ಕುದುರೆಗೆ ಹೊಟ್ಟೆ ತುಂಬಿತೆಂದು ತಿಳಿಯುವವರು ಬಹಳ ಮಂದಿ. ಆ ಕಟ್ಟನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಿ.

ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಸತ್ವ ಕಡಿಮೆ. ಅಗಿಯುವ ಕೆಲಸಕ್ಕೆ ಸ್ವಲ್ಪ ಇರಲಿ, ಆದರೆ ಅದನ್ನೇ ನೆಚ್ಚಬೇಡಿ. ಕುದುರೆ ಮಸಾಲೆ ಸೊಪ್ಪು ಸಿಕ್ಕರೆ ಅದು ದೊಡ್ಡ ಅನುಕೂಲ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಜಠರದ ಆಮ್ಲವನ್ನು ತಣಿಸುತ್ತವೆ. ಹೆಸರಿಗೆ ತಕ್ಕಂತೆ ಅದು ಕುದುರೆಗೆ ಒಗ್ಗಿದ ಮೇವು. ದಿನಕ್ಕೆ ಎರಡು ಮೂರು ಕಿಲೋ ಹಸಿ ಸೊಪ್ಪನ್ನು ಬೇರೆ ಹುಲ್ಲಿನೊಂದಿಗೆ ಬೆರೆಸಿ ಕೊಡಿ. ದನಗಳಿಗೆ ಬೆಳೆದ ನೇಪಿಯರ್ ಹುಲ್ಲನ್ನು ಒಂದೇ ಮೇವಾಗಿ ತಿಂಗಳುಗಟ್ಟಲೆ ಹಾಕಬಾರದು; ಅದರಲ್ಲಿರುವ ಆಕ್ಸಲೇಟ್ ಕುದುರೆಗೆ ಕ್ಯಾಲ್ಸಿಯಂ ದಕ್ಕದಂತೆ ಮಾಡುತ್ತದೆ. ಹಸಿ ಜೋಳದ ಸೊಪ್ಪನ್ನಂತೂ ಕುದುರೆಗೆ ಹಾಕಲೇಬೇಡಿ. ಅದರಿಂದ ಮೂತ್ರಕೋಶದ ಉರಿಯೂತವೂ ಹಿಂಗಾಲುಗಳ ತೂರಾಟವೂ ಬರುತ್ತವೆ.

ಹುರುಳಿಯನ್ನು ಬಿಡಬೇಕೆಂದಲ್ಲ. ದುಡಿಯುವ ಕುದುರೆಗೆ ಅದು ಒಳ್ಳೆಯ ಪ್ರೋಟೀನ್, ಬೇಯಿಸಿ ಹಾಕುವ ನಿಮ್ಮ ಮನೆಯ ಪದ್ಧತಿಯೂ ಸರಿಯಾದದ್ದೇ. ಆದರೆ ಒಂದೇ ಹೊತ್ತಿಗೆ ಬಕೆಟ್ ತುಂಬ ಹಾಕದೆ ಮೂರು ನಾಲ್ಕು ಸಲಕ್ಕೆ ಹಂಚಿ, ಪ್ರತಿಸಲವೂ ಮೊದಲು ಅರ್ಧ ಗಂಟೆ ಹುಲ್ಲು ತಿನ್ನಿಸಿ ಆಮೇಲೆ ಹುರುಳಿ ಕೊಡಿ. ಹುಲ್ಲು ಜಠರದಲ್ಲಿ ಮೊದಲೇ ಇದ್ದರೆ ಜೊಲ್ಲೂ ಬಂದಿರುತ್ತದೆ, ಆಮ್ಲ ಅಲೆಯಾಡಿ ಜಠರದ ಮೇಲ್ಭಾಗಕ್ಕೆ ಚಿಮ್ಮುವುದೂ ಕಡಿಮೆಯಾಗುತ್ತದೆ. ಆ ಮೇಲ್ಭಾಗಕ್ಕೆ ಲೋಳೆಯ ರಕ್ಷಣೆ ಇಲ್ಲದಿರುವುದರಿಂದ ಹುಣ್ಣು ಸಾಮಾನ್ಯವಾಗಿ ಏಳುವುದು ಅಲ್ಲಿಯೇ. ಖಾಲಿ ಹೊಟ್ಟೆಯಲ್ಲಿ ಟಾಂಗಾ ಹೂಡಿ ಓಡಿಸಬಾರದೆಂಬುದಕ್ಕೂ ಇದೇ ಕಾರಣ. ಬೆಲ್ಲವನ್ನು ನಿಲ್ಲಿಸಿ: ಸಿಹಿ ಬೆರೆಸಿದ ಧಾನ್ಯ ತಿಂದಾಗ ಕಚ್ಚುವ ಕುದುರೆಗಳು ಇನ್ನಷ್ಟು ಕಚ್ಚುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಬೂಸಾದಲ್ಲಿ ರಂಜಕ ತೀರಾ ಹೆಚ್ಚಾಗಿರುವುದರಿಂದ ಒಂದೆರಡು ಹಿಡಿಗೆ ಮಿತಿಗೊಳಿಸಿ. ವರ್ಷಗಟ್ಟಲೆ ಹೆಚ್ಚು ಬೂಸಾ ತಿಂದ ಕುದುರೆಗಳ ಮುಖದ ಮೂಳೆ ಊದಿಕೊಳ್ಳುತ್ತದೆ. ನೆಕ್ಕಲು ಉಪ್ಪು, ಕುಡಿಯಲು ಶುದ್ಧ ನೀರು ಸದಾ ಇರಲಿ.

ನಿಲ್ದಾಣದಲ್ಲಿ ಗಿರಾಕಿಗಳಿಗೆ ಕಾಯುವ ಹೊತ್ತೇ ನಿಮ್ಮ ಕುದುರೆ ಕಂಬಿ ಕಚ್ಚುವ ಹೊತ್ತು. ಒಂದೂವರೆ ಇಂಚಿನ ಕಣ್ಣುಗಳಿರುವ ಬಲೆಯ ಚೀಲಕ್ಕೆ ಹುಲ್ಲು ತುರುಕಿ ಟಾಂಗಾದಲ್ಲಿ ಒಯ್ದು, ಲಗಾಮಿನ ಕಡಿವಾಣ ತೆಗೆದು, ಕುದುರೆಯ ಮೂತಿಯ ಮಟ್ಟಕ್ಕೆ ನೇತುಹಾಕಿ. ಎಳೆಎಳೆಯಾಗಿ ಕಿತ್ತು ತಿನ್ನಬೇಕಾಗುವುದರಿಂದ ಅದೇ ಹುಲ್ಲು ಬಹಳ ಹೊತ್ತು ಬರುತ್ತದೆ. ಚೀಲ ಕೆಳಗೆ ಜೋತರೆ ಲಾಳ ಹೊಡೆದ ಗೊರಸು ಬಲೆಗೆ ಸಿಕ್ಕಿಕೊಳ್ಳುವ ಅಪಾಯವಿದೆ, ಎಚ್ಚರ ವಹಿಸಿ.

ಪ್ರಶ್ನೆ: ಕುಣಿಗಲ್ ಸುತ್ತಮುತ್ತ ಹಿಂದಿನಿಂದಲೂ ಕುದುರೆ ತಳಿ ಬೆಳೆಸುವ ಕೆಲಸವಿದೆ. ನಾನೂ ನಾಲ್ಕು ಹೆಣ್ಣು ಕುದುರೆಗಳನ್ನು ಸಾಕಿದ್ದೇನೆ. ಕಳೆದ ವರ್ಷ ತಾಯಿಯಿಂದ ಬೇರ್ಪಡಿಸಿದ ಒಂದು ಮರಿ ತಿಂಗಳೊಳಗೆ ಕಚ್ಚಲು ಕಲಿಯಿತು. ಈ ವರ್ಷದ ಮರಿಗಳನ್ನು ಹೇಗೆ ಉಳಿಸಿಕೊಳ್ಳಲಿ? — ಓದುಗರು, ತುಮಕೂರು ಜಿಲ್ಲೆ

ಉತ್ತರ: ಬಂದಿರುವ ಪತ್ರಗಳಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಇದೆಂದು ಭಾವಿಸುತ್ತೇನೆ, ಏಕೆಂದರೆ ಈ ತೊಂದರೆಯನ್ನು ಬಾರದಂತೆ ತಡೆಯುವುದು ಸಾಧ್ಯ, ಬಂದ ಮೇಲೆ ಕಳೆಯುವುದು ಕಷ್ಟ. ಬ್ರಿಟನ್ನಿನಲ್ಲಿ ಥರೋಬ್ರೆಡ್ ಮತ್ತು ಅದರ ಮಿಶ್ರತಳಿಯ 225 ಮರಿಗಳನ್ನು ನಾಲ್ಕು ವರ್ಷ ಗಮನಿಸಿ, 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಲ್ಲಿ ಹತ್ತರಲ್ಲಿ ಒಂದು ಮರಿ ಕ್ರಿಬ್ಬಿಂಗ್ ಕಲಿತಿತು, ಅದೂ ಸರಾಸರಿ 20 ವಾರದ ವಯಸ್ಸಿನಲ್ಲಿ, ಅಂದರೆ ನಾವು ತಾಯಿಯಿಂದ ಬಿಡಿಸುವ ಕಾಲದಲ್ಲೇ. ಬೇರ್ಪಡಿಸಿದ ಬಳಿಕ ಧಾನ್ಯದ ಆಹಾರ ಕೊಟ್ಟ ಮರಿಗಳಲ್ಲಿ ಇದು ನಾಲ್ಕು ಪಟ್ಟು ಹೆಚ್ಚಾಗಿತ್ತು. ಲಾಯದೊಳಗೆ ಕೂಡಿಹಾಕಿ ಬೇರ್ಪಡಿಸಿದ ಮರಿಗಳಲ್ಲಿ ಇಂಥ ಅಸಹಜ ನಡವಳಿಕೆಗಳು, ಬಯಲಿನಲ್ಲಿ ಬೇರ್ಪಡಿಸಿದವುಗಳಿಗಿಂತ ಹೆಚ್ಚು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೊಸದಾಗಿ ಕಚ್ಚಲು ಕಲಿತ ಮರಿಗಳ ಜಠರದಲ್ಲಿ ಹುಣ್ಣು, ಉರಿಯೂತ ಹೆಚ್ಚಾಗಿ ಕಂಡವು. ಆಮ್ಲ ತಣಿಸುವ ಆಹಾರ ಕೊಟ್ಟಾಗ ಜಠರವೂ ಸುಧಾರಿಸಿತು, ಹೆಚ್ಚಿನ ಮರಿಗಳಲ್ಲಿ ಕಚ್ಚುವುದೂ ಇಳಿಯಿತು.

ಇದರಿಂದ ನೀವು ಮಾಡಬೇಕಾದದ್ದು ಸ್ಪಷ್ಟವಾಗಿದೆ. ಬಯಲಿನಲ್ಲಿ ತಾನಾಗಿ ಬೆಳೆಯುವ ಮರಿಯನ್ನು ತಾಯಿಯೇ ಒಂಬತ್ತು ಹತ್ತು ತಿಂಗಳ ಹೊತ್ತಿಗೆ ದೂರ ಸರಿಸುತ್ತದೆ. ನಾಲ್ಕು ತಿಂಗಳಿಗೇ ಬಿಡಿಸುವ ಅವಸರ ನಿಮಗಿಲ್ಲದಿದ್ದರೆ ಕನಿಷ್ಠ ಆರು ತಿಂಗಳು ತುಂಬುವವರೆಗೆ ಕಾಯಿರಿ. ನಾಲ್ಕೂ ತಾಯಿ ಮರಿಗಳನ್ನು ಒಂದೇ ಬಯಲಿನಲ್ಲಿ ಮೇಯಿಸಿ, ಒಂದು ವಾರಕ್ಕೆ ಒಂದು ತಾಯಿಯಂತೆ ದೂರಕ್ಕೆ ಕರೆದೊಯ್ಯಿರಿ. ಮರಿಗಳು ತಮ್ಮ ಗುರುತಿನ ಜಾಗದಲ್ಲಿ, ಗುರುತಿನ ಗೆಳೆಯರ ಜೊತೆಯಲ್ಲೇ ಉಳಿಯುತ್ತವೆ. ಹರಾಜಿಗೆ ಬೇಗ ಮೈದುಂಬಿಸಬೇಕೆಂದು ಧಾನ್ಯ ಸುರಿಯುವ ಆಸೆಯನ್ನು ತಡೆಯಿರಿ; ಪುಷ್ಟಿ ಬೇಕಾದರೆ ನಾರು ಮತ್ತು ಎಣ್ಣೆಯ ಅಂಶ ಹೆಚ್ಚಿರುವ, ಪಿಷ್ಟ ಕಡಿಮೆಯಿರುವ ಆಹಾರ ಕೊಡಿ. ಈಗಾಗಲೇ ಕಲಿತಿರುವ ಮರಿಯನ್ನೂ ಕೈಬಿಡಬೇಡಿ. ಅಭ್ಯಾಸ ಇನ್ನೂ ಎಳೆಯದು, ಜಠರದ ಚಿಕಿತ್ಸೆಗೂ ಬಯಲಿಗೂ ಅದು ಸ್ಪಂದಿಸುವ ಅವಕಾಶ ಹೆಚ್ಚು.

ಪ್ರಶ್ನೆ: ಬಾಡಿಗೆಯ ಲಾಯದಲ್ಲಿ ನನ್ನ ಕುದುರೆಯನ್ನು ಇಟ್ಟಿದ್ದೇನೆ. ಅದು ಕಚ್ಚುವುದನ್ನು ನೋಡಿ ಬೇರೆ ಕುದುರೆಗಳೂ ಕಲಿಯುತ್ತವೆಂದು ಲಾಯದವರು ಅದನ್ನು ಮೂಲೆಯ ಕೋಣೆಗೆ ಹಾಕಿದ್ದಾರೆ. ಇದು ಸರಿಯೇ? — ಓದುಗರು, ಬೆಂಗಳೂರು

ಉತ್ತರ: ಸರಿಯಲ್ಲ. ಕುದುರೆಗಳು ಒಂದನ್ನೊಂದು ನೋಡಿ ಕ್ರಿಬ್ಬಿಂಗ್ ಕಲಿಯುತ್ತವೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಒಂದೇ ಲಾಯದಲ್ಲಿ ಹಲವು ಕುದುರೆಗಳು ಕಚ್ಚುತ್ತಿದ್ದರೆ, ಅವುಗಳಿಗೆಲ್ಲ ಒಂದೇ ಬಗೆಯ ಮೇವು, ಒಂದೇ ಬಗೆಯ ಬಂಧನ ಇದೆಯೆಂದೂ, ಕೆಲವೊಮ್ಮೆ ಒಂದೇ ವಂಶದವೆಂದೂ ಕಂಡುಬರುತ್ತದೆ. ಕೆಲವು ವಂಶಗಳಲ್ಲಿ ಇದರ ಒಲವು ಇಳಿದು ಬರುವುದನ್ನು ಅಧ್ಯಯನಗಳು ಗುರುತಿಸಿವೆ. ಮೂಲೆಗೆ ಹಾಕಿದ ಕುದುರೆಗೆ ಜೊತೆಗಾರರ ಮುಖವೂ ಕಾಣದೆ ಹೋಗಿ ಒತ್ತಡ ಹೆಚ್ಚುತ್ತದೆ, ಅದರೊಂದಿಗೆ ಕಚ್ಚುವುದೂ ಹೆಚ್ಚುತ್ತದೆ. ನೆರೆಯ ಕುದುರೆಯ ಮೂತಿಗೆ ಮೂತಿ ತಾಗಿಸಲು ಸಾಧ್ಯವಿರುವ ಕೋಣೆಯನ್ನು ಕೇಳಿ. ಮರದ ಬಾಗಿಲು ಹಾಳಾಗುತ್ತದೆಂಬ ಅವರ ಅಳಲು ನ್ಯಾಯವಾದದ್ದೇ. ಅಂಚಿಗೆ ತಗಡು ಅಥವಾ ದಪ್ಪ ರಬ್ಬರ್ ಹೊದಿಸುವ ಖರ್ಚನ್ನು ನೀವೇ ಕೊಡಲು ಮುಂದಾಗಿ.

ಪ್ರಶ್ನೆ: ಕಚ್ಚುವ ಕುದುರೆಗೆ ಹೊಟ್ಟೆಶೂಲೆ ಬಂದು ಸಾಯುತ್ತದೆ ಎನ್ನುವುದು ನಿಜವೇ? ಯಾವ ಲಕ್ಷಣಗಳನ್ನು ಗಮನಿಸಬೇಕು? — ಓದುಗರು, ಬೆಳಗಾವಿ

ಉತ್ತರ: ಕಚ್ಚುವ ಕುದುರೆಗಳೆಲ್ಲಕ್ಕೂ ಹಾಗೆ ಆಗುವುದಿಲ್ಲ, ಹಲವು ದೀರ್ಘಕಾಲ ಚೆನ್ನಾಗಿಯೇ ಬಾಳುತ್ತವೆ. ಆದರೆ ಕೆಲವು ಬಗೆಯ ಹೊಟ್ಟೆಶೂಲೆ ಇವುಗಳಲ್ಲಿ ಹೆಚ್ಚು ಎಂಬುದು ನಿಜ. ಒಂದು, ದೊಡ್ಡಕರುಳಿನಲ್ಲಿ ಮೇವು ಕಟ್ಟಿಕೊಳ್ಳುವುದು ಅಥವಾ ಗಾಳಿ ತುಂಬಿ ಉಬ್ಬುವುದು. ಇನ್ನೊಂದು ಅಪರೂಪದ್ದಾದರೂ ಭೀಕರವಾದದ್ದು: ಯಕೃತ್ತಿನ ಬಳಿ ಇರುವ ಕಿರಿದಾದ ಸಹಜ ಕಂಡಿಯೊಳಗೆ ಸಣ್ಣಕರುಳು ನುಸುಳಿ ಸಿಕ್ಕಿಬೀಳುವುದು. ಇದಕ್ಕೆ ಶಸ್ತ್ರಚಿಕಿತ್ಸೆಯ ಹೊರತು ಬೇರೆ ಉಪಾಯವಿಲ್ಲ.

ಕುದುರೆ ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುವುದು, ಮಲಗಿ ಹೊರಳುವುದು, ಬೆವರುವುದು, ಲದ್ದಿ ಹಾಕದಿರುವುದು ಇವು ಎಚ್ಚರಿಕೆಯ ಲಕ್ಷಣಗಳು. ಆರೋಗ್ಯವಾಗಿರುವ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ. ಬೆಳಿಗ್ಗೆ ಲಾಯ ಗುಡಿಸುವವರು ಅದನ್ನು ಎಣಿಸುವ ಅಭ್ಯಾಸ ಮಾಡಿಕೊಂಡರೆ ತೊಂದರೆ ಬೇಗ ತಿಳಿಯುತ್ತದೆ. ಸುಮ್ಮನೆ ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಎಡ ಮೊಣಕೈಯ ಹಿಂದೆ ಅಂಗೈ ಒತ್ತಿ ಎಣಿಸಿದಾಗ ಅದು 60 ದಾಟಿದ್ದರೆ ಒಂದು ನಿಮಿಷವನ್ನೂ ಕಳೆಯದೆ ವೈದ್ಯರನ್ನು ಕರೆಸಿ. ಅವರು ಬರುವವರೆಗೆ ಮೇವು ಹಾಕಬೇಡಿ, ಬಾಯಿಗೆ ಎಣ್ಣೆ ಸುರಿಯಬೇಡಿ. ಕುದುರೆಗೆ ವಾಂತಿಯಾಗುವುದಿಲ್ಲ, ಹೊಟ್ಟೆ ತುಂಬಿ ಬಿರಿಯುವ ಅಪಾಯವಿದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ.

ಪ್ರಶ್ನೆ: ಕೊಳ್ಳುವ ಮೊದಲೇ ಕುದುರೆಗೆ ಈ ಅಭ್ಯಾಸವಿದೆಯೇ ಎಂದು ಪತ್ತೆ ಹಚ್ಚುವುದು ಹೇಗೆ? — ಓದುಗರು, ಧಾರವಾಡ

ಉತ್ತರ: ಮಾರುವವರು ತೋರಿಸುವ ಅಂಗಳದಲ್ಲಿ ಅಲ್ಲ, ಕುದುರೆ ರಾತ್ರಿ ಮಲಗುವ ಜಾಗದಲ್ಲೇ ಅದನ್ನು ನೋಡಲು ಕೇಳಿ. ಗೋದಲಿಯ ಮತ್ತು ಬಾಗಿಲಿನ ಅಂಚುಗಳು ಎದೆಯ ಮಟ್ಟದಲ್ಲಿ ಉರುಟಾಗಿ ನುಣುಪಾಗಿವೆಯೇ, ಹೊಸದಾಗಿ ತಗಡು ಹೊಡೆದಿದ್ದಾರೆಯೇ ಗಮನಿಸಿ. ಮೇಲ್ತುಟಿಯನ್ನು ಎತ್ತಿ ನೋಡಿ: ಕಚ್ಚುವ ಕುದುರೆಯ ಮೇಲಿನ ನಡುಹಲ್ಲುಗಳ ಹೊರ ಅಂಚು ಓರೆಯಾಗಿ ಸವೆದು, ಕೆಳಗಿನ ಹಲ್ಲಿಗೆ ಸರಿಯಾಗಿ ಕೂಡದೆ ನಡುವೆ ಸಂದು ಬಿಟ್ಟಿರುತ್ತದೆ. ಇಂಥ ಹಲ್ಲನ್ನು ನೋಡಿ ವಯಸ್ಸು ಹೇಳಲು ಹೋದರೆ ಲೆಕ್ಕ ತಪ್ಪುತ್ತದೆ. ಕತ್ತಿನ ಕೆಳಭಾಗದ ಸ್ನಾಯು ಹಗ್ಗದಂತೆ ದಪ್ಪಗಿದೆಯೇ, ಕಿವಿಯ ಹಿಂದೆ ಪಟ್ಟಿ ಕಟ್ಟಿದ ಗುರುತಿಗೆ ಬಿಳಿಗೂದಲು ಬಂದಿದೆಯೇ ಎಂದು ಮುಟ್ಟಿ ನೋಡಿ. ಕೊನೆಗೆ, ಅದಕ್ಕೆ ಒಂದು ಬೊಗಸೆ ಧಾನ್ಯ ಹಾಕಿಸಿ, ದೂರ ಸರಿದು ಅರ್ಧ ಗಂಟೆ ಕಾಯಿರಿ. ಕಚ್ಚುವ ಕುದುರೆ ಆ ಹೊತ್ತಿನಲ್ಲಿ ಕಚ್ಚದೆ ಇರುವುದು ಅಪರೂಪ. ಅಭ್ಯಾಸವಿದೆಯೆಂದ ಮಾತ್ರಕ್ಕೆ ಕುದುರೆಯನ್ನು ತಿರಸ್ಕರಿಸಬೇಕಾಗಿಲ್ಲ. ಗುಣ, ಕಾಲು, ಉಸಿರು ಚೆನ್ನಾಗಿದ್ದು, ಬೆಲೆಯಲ್ಲಿ ಅದಕ್ಕೆ ತಕ್ಕ ಇಳಿಕೆಯಿದ್ದು, ಬಯಲೂ ಹುಲ್ಲೂ ನಿಮ್ಮಲ್ಲಿದ್ದರೆ ನಿಶ್ಚಿಂತೆಯಿಂದ ಕೊಳ್ಳಿ.

ಪ್ರಶ್ನೆ: ನಮ್ಮ ಕುದುರೆ ಬೇಲಿಯ ಮರವನ್ನು ಕೊರೆದು ತಿನ್ನುತ್ತದೆ. ಇದೂ ಅದೇ ತೊಂದರೆಯೇ? — ಓದುಗರು, ದಾವಣಗೆರೆ

ಉತ್ತರ: ಅಲ್ಲ. ಕ್ರಿಬ್ಬಿಂಗ್‌ನಲ್ಲಿ ಕುದುರೆ ಹಿಡಿದು ಎಳೆಯುತ್ತದೆ, ತಿನ್ನುವುದಿಲ್ಲ, ಸದ್ದು ಬರುತ್ತದೆ. ನಿಮ್ಮದು ಮರ ಅಗಿಯುವ ಅಭ್ಯಾಸ. ನಾರಿನ ಮೇವು ಸಾಲದಾಗ ಇದು ಸಾಮಾನ್ಯ. ಒಣಹುಲ್ಲು ಹೆಚ್ಚಿಸಿ. ಕೆಲವು ಮರಿಗಳಲ್ಲಿ ಮರ ಅಗಿಯುವುದೇ ಮುಂದೆ ಕ್ರಿಬ್ಬಿಂಗ್‌ಗೆ ತಿರುಗುವುದರಿಂದ ಇದನ್ನು ಸಣ್ಣದೆಂದು ಬಿಡಬೇಡಿ.

ಪ್ರಶ್ನೆ: ಹದಿನೆಂಟು ವರ್ಷದ ಹೆಣ್ಣು ಕುದುರೆ, ನಾವು ಕೊಳ್ಳುವಾಗಲೇ ಕಚ್ಚುತ್ತಿತ್ತು. ಹುಲ್ಲು, ಬಯಲು, ಜೊತೆ ಎಲ್ಲವೂ ಇದೆ, ಆದರೂ ದಿನಕ್ಕೆ ಕೆಲಹೊತ್ತು ಕಚ್ಚುತ್ತದೆ. ಇನ್ನೇನು ಮಾಡಲಿ? — ಓದುಗರು, ಕೊಡಗು

ಉತ್ತರ: ಇನ್ನು ಅದನ್ನು ತಡೆಯಲು ಹೋಗಬೇಡಿ, ಕಚ್ಚಲು ಒಂದು ಒಳ್ಳೆಯ ಜಾಗ ಮಾಡಿಕೊಡಿ. ಅದರ ಎದೆಯ ಮಟ್ಟಕ್ಕೆ ಗಟ್ಟಿಯಾದ ಹಲಗೆಯೊಂದನ್ನು ಅಲುಗಾಡದಂತೆ ಬಿಗಿದು, ಅಂಚಿಗೆ ದಪ್ಪ ರಬ್ಬರ್ ಹೊದಿಸಿ. ಹಳೆಯ ಟೈರ್ ಬಳಸುವುದಾದರೆ ಒಳಗೆ ಉಕ್ಕಿನ ತಂತಿ ಇಲ್ಲದ ಭಾಗವನ್ನೇ ಆರಿಸಿ, ಮೊಳೆಗಳನ್ನು ಹಿಂಬದಿಯಿಂದ ಹೊಡೆಯಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಬಣ್ಣ ಬಳಿದ ಮರ ಬೇಡ. ಹಲ್ಲು ಹೀಗೆ ರಬ್ಬರಿನ ಮೇಲೆ ಊರುವುದರಿಂದ ಸವೆತ ಕಡಿಮೆಯಾಗುತ್ತದೆ. ವರ್ಷಕ್ಕೆ ಎರಡು ಸಲ ಹಲ್ಲಿನ ತಪಾಸಣೆ ಮಾಡಿಸಿ. ಮುಂಬಲ್ಲು ತೀರ ಗಿಡ್ಡವಾದಾಗ ಬಯಲಿನ ಚಿಕ್ಕ ಹುಲ್ಲನ್ನು ಕೀಳಲಾಗದು, ಆಗ ಕತ್ತರಿಸಿದ ಮೇವನ್ನು ಗೋದಲಿಯಲ್ಲೇ ಕೊಡಬೇಕಾಗುತ್ತದೆ.

ತೂಕವನ್ನು ತಿಂಗಳಿಗೊಮ್ಮೆ ಬರೆದಿಡಿ. ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದೇ ಸುತ್ತಳತೆಯಿಂದ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಎರಡು ತಿಂಗಳು ಸತತವಾಗಿ ತೂಕ ಇಳಿದರೆ ಹಲ್ಲನ್ನೂ ಜಠರವನ್ನೂ ಪರೀಕ್ಷಿಸಲು ನಿಮ್ಮ ಊರಿನ ಪಶುವೈದ್ಯರಿಗೆ ತೋರಿಸಿ, ಬರೆದಿಟ್ಟ ಅಳತೆಗಳನ್ನೂ ಜೊತೆಗೆ ಒಯ್ಯಿರಿ.